ಎಮ್ಮೆ ಒಪ್ಪಿದ ಪದ

ಹೊಳೆ ದಂಡೇಲಿ ಒಂದು ಆಶ್ರಮ. ಅಲ್ಲಿ ಮಂತ್ರ ಕಮ್ಮಿ, ಪದಗಳ ಜಂಜಾಟ ಜಾಸ್ತಿ. ಯಾಕಂದ್ರೆ ಅಲ್ಲಿನ ಗುರು ಚನ್ನವೀರಜ್ಜಾರು ಕಾವಿ ಉಡೋಕೆ ಮುಂಚೆ ಲ್ಯಾಬಲ್ಲಿ ಕೂತು ಜೀವಕೋಶ ನೋಡ್ತಿದ್ದೋರು. ಈಗ ವಿಜ್ಞಾನದ ಪದಗಳಿಗೆ ಕನ್ನಡ ಪದಕೋಶ ಮಾಡ್ತಿದ್ರು.

ಪದ ಕಟ್ಟೋ ಕೆಲಸ ಶಿಷ್ಯ ಕೊಟ್ರೇಶಂದು. ಆಶ್ರಮದ ಕಟ್ಟಳೆ ಒಂದೇ. ಪದ ಯಾರ ಮೈಗೆ ತಾಗುತ್ತೋ ಅಂಥವರೊಬ್ಬರ ಮುಂದೆ ಜೋರಾಗಿ ಓದಿ ಹೇಳ್ಬೇಕು. ಆಮೇಲೆ ಅಚ್ಚಿಗೆ.

ಟೆಲೊಮಿಯರ್ ಅನ್ನೋದಕ್ಕೆ ಕೊಟ್ರೇಶ ಕಟ್ಟಿದ ಪದ 'ಸಾವಿನ ಬತ್ತಿ'. ಜೀವಕೋಶದೊಳಗಿನ ಎಳೆಗಳ ತುದಿ ಕಾಯೋ ಭಾಗ ಅದು. ಕೋಶ ಒಡೆದು ಎರಡಾದಾಗೆಲ್ಲ ಒಂಚೂರು ಸವೆಯುತ್ತೆ; ತೀರಾ ಬೇಗ ಸವೆದೋರಿಗೆ ಕಾಯಿಲೆ. ಪದ ಕೇಳಿದೋರು ಬೆಚ್ಚಿಬೀಳ್ಬೇಕು ಅಂತ ಅವನಾಸೆ.

ಓದಿ ಹೇಳೋಕೆ ರೋಗಿನ ಯಾರು ಹುಡುಕ್ತಾರೆ? ಆಶ್ರಮದ ಎಮ್ಮೆ ಮುಂದೆ ಓದಿದ. ಎಮ್ಮೆ ತಕರಾರು ಎತ್ತಲಿಲ್ಲ. ಪದ ಅಚ್ಚಾಯ್ತು.

ಎರಡು ವರ್ಷ ಕಳೀತು. ಪದಕೋಶ ತಿದ್ದೋ ಕಾಲ ಬಂತು. ಅದೇ ವಾರ ಕೊಟ್ರೇಶನ ರಕ್ತದ ರಿಪೋರ್ಟೂ ಬಂತು.

ಅವನಪ್ಪ ನಲವತ್ತೆಂಟಕ್ಕೇ ಹೋಗಿದ್ದ. ಅಣ್ಣ ಮೂವತ್ತಾರಕ್ಕೆ. ಇಬ್ಬರಿಗೂ ಶ್ವಾಸಕೋಶ ಗಟ್ಟಿಯಾಗಿ ಕೊನೆಗೆ ಉಸಿರೇ ಎಳೆಯೋಕಾಗಿರ್ಲಿಲ್ಲ. ಕೊಟ್ರೇಶನಿಗೆ ಈಗ ಇಪ್ಪತ್ತಾರು. ಟೆಲೊಮಿಯರ್ ಗಿಡ್ಡ ಇರೋ ಮನೆತನಗಳಲ್ಲಿ ಹಿಂಗಾಗುತ್ತೆ ಅಂತ ಡಾಕ್ಟ್ರು ಇವನದ್ದೂ ಪರೀಕ್ಷೆ ಮಾಡಿಸಿದ್ರು.

ಲಕೋಟೇನ ಒಡೆಯದೇ ಮೂರು ದಿನ ದಿಂಬಿನ ಕೆಳಗಿಟ್ಟ. ತಿದ್ದೋಕೆ ಕೂತು 'ಸಾವಿನ ಬತ್ತಿ' ಇದ್ದ ಪುಟ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ತಿದ್ದಿದ. ನಾಲ್ಕನೇ ಬೆಳಿಗ್ಗೆ ಲಕೋಟೆ ಹಿಡ್ಕೊಂಡು ಅಜ್ಜಾರ ಮುಂದೆ ನಿಂತ. ಕೈ ನಡುಗ್ತಿತ್ತು.

"ಚಳಿನಾ?" ಅಂದ್ರು ಅಜ್ಜಾರು.

"ಹೂಂ ಅಜ್ಜಾರೆ, ಚಳಿ."

"ಒಡೆದು ಓದು."

"ನನ್ ಕೈಲಾಗಲ್ಲ. ನೀವೇ ಓದಿ."

ರಿಪೋರ್ಟ್ ಇಂಗ್ಲಿಷಲ್ಲಿತ್ತು. ಅಜ್ಜಾರು ಕನ್ನಡಕ ಏರಿಸಿ, ಪಕ್ಕದಲ್ಲಿ ಪದಕೋಶ ತೆರೆದಿಟ್ಕೊಂಡು, ಕನ್ನಡ ಮಾಡ್ತಾ ಓದಿದ್ರು.

"ರೋಗಿ ಕೊಟ್ರೇಶ. ಇವರ ಸಾವಿನ ಬತ್ತಿ ವಯಸ್ಸಿಗೆ ತಕ್ಕಷ್ಟು ಉದ್ದ ಇಲ್ಲ. ಸಾವಿನ ಬತ್ತಿ ಹೀಗೆ ಗಿಡ್ಡ ಇದ್ದೋರಿಗೆ..."

"ಸಾಕು, ನಿಲ್ಸಿ!"

"ಯಾಕೋ? ನಿಂದೇ ಪದ."

"ಕೇಳೋಕಾಗ್ತಿಲ್ಲ ಅಜ್ಜಾರೆ."

"ಅವತ್ತು ಇದನ್ನ ಯಾರ ಮುಂದೆ ಓದಿದ್ದೆ?"

ಕೊಟ್ರೇಶ ನೆಲ ನೋಡಿದ. "ಎಮ್ಮೆ ಮುಂದೆ."

"ಎಮ್ಮೆ ಏನಂತು?"

"ಮೆಲುಕು ಹಾಕ್ತು."

ಅಜ್ಜಾರು ನಗಲಿಲ್ಲ. ಆಶ್ರಮದ ಮಗ್ಗದಿಂದ ಕೊಯ್ದು ತಂದಿದ್ದ ಹೊಸ ಶಾಲೊಂದನ್ನ ಅವನ ಮಡಿಲಿಗೆ ಹಾಕಿದ್ರು. ತುದಿಯ ಎಳೆಗಳು ಆಗಲೇ ಬಿಚ್ಚಿಕೊಳ್ತಿದ್ವು.

"ಕುಚ್ಚು ಕಟ್ಟು, ಎಳೆ ಬಿಚ್ಚದ ಹಾಗೆ."

ಕೂತು ಕಟ್ಟಿದ. ನಾಲ್ಕು ಕುಚ್ಚಿಗೊಮ್ಮೆ ನಿಲ್ಲಿಸಿ ಎದೆ ತುಂಬ ಉಸಿರೆಳೆದು ನೋಡ್ಕೊಂಡ, ಇನ್ನೂ ಪೂರ್ತಿ ಬರ್ತಿದೆಯಾ ಅಂತ. ಅಣ್ಣನೂ ಹಿಂಗೇ ನೋಡ್ಕೊಳ್ತಿದ್ದ.

"ಅಜ್ಜಾರೆ, ಇಲ್ಲಿ ಎಳೆ ಗಿಡ್ಡ ಇದೆ. ಗಂಟು ನಿಲ್ತಿಲ್ಲ."

"ಗಿಡ್ಡ ಇದ್ದಲ್ಲಿ ಜಗ್ಗಬೇಡ. ಮೆತ್ತಗೆ ಕಟ್ಟು."

ಮೆತ್ತಗೆ ಕಟ್ಟಿದ. ಪುಟ್ಟ ಗಂಟು, ಆದ್ರೂ ನಿಲ್ತು.

ಆ ಗಂಟನ್ನ ಬೆರಳಲ್ಲಿ ಸವರಿ ನೋಡಿದ. ಆಮೇಲೆ ಪದಕೋಶ ಎಳ್ಕೊಂಡು 'ಸಾವಿನ ಬತ್ತಿ'ಗೆ ಗೀಟು ಹಾಕಿದ. ಪಕ್ಕದಲ್ಲಿ 'ತುದಿಕುಚ್ಚು' ಅಂತ ಬರೆದ.

"ಇದನ್ನ ಯಾರ ಮುಂದೆ ಓದ್ತೀಯ?" ಅಂದ್ರು ಅಜ್ಜಾರು. "ಎಮ್ಮೆ ಮೇಯೋಕೆ ಹೋಗಿದೆ."

ಕೊಟ್ರೇಶ ರಿಪೋರ್ಟ್ ಎತ್ಕೊಂಡು ತನಗೆ ತಾನೇ ಜೋರಾಗಿ ಓದಿದ. "ಕೊಟ್ರೇಶ, ನಿನ್ನ ತುದಿಕುಚ್ಚು ಗಿಡ್ಡ ಇದೆ."

ದನಿ ಒಡೀತು. ವಾಕ್ಯ ಮಾತ್ರ ಪೂರ್ತಿಯಾಯ್ತು.

"ಪದ ಬದಲಾಯ್ತು ಅಜ್ಜಾರೆ. ಎಳೆಯೇನೂ ಉದ್ದ ಆಗ್ಲಿಲ್ವಲ್ಲ."

"ಇಲ್ಲ."

"ಹೆದ್ರಿಕೆನೂ ಹೋಗ್ಲಿಲ್ಲ."

ಅಜ್ಜಾರು ಆ ಶಾಲನ್ನೇ ತೆಗೆದು ಅವನಿಗೆ ಹೊದಿಸಿದ್ರು. "ನಡುಕ ನಿಂತ್ಮೇಲೆ ಮುಂದಿನ ಪದ ಓದು."

"ನಿಲ್ಲದೇ ಹೋದ್ರೆ?"

"ನಡುಗ್ತಾನೇ ಓದು."