ದುರುಗಮ್ಮನ ಕೈಯ ಪಾನಿಪೂರಿ

“ಗುರುಗಳೇ, ಪ್ರೀತಿಯಿಂದ ಕೊಟ್ಟದ್ದು ಇನ್ನೊಬ್ಬರಿಗೆ ನೋವಾಗುವುದು ಹೇಗೆ?” ಎಂದು ಮಠದ ಶಿಷ್ಯ ಕೊಟ್ರೇಶ ಕೇಳಿದ.

ಮೂರು ತಿಂಗಳ ಹಿಂದೆ ಮಠಕ್ಕೆ ಹೊಸಬನೊಬ್ಬ ಬಂದಿದ್ದ. ಮಾತು ಕಡಿಮೆ. ಕೊಟ್ರೇಶ ಅವನನ್ನು ಸ್ವಂತ ತಮ್ಮನಂತೆ ನೋಡಿಕೊಂಡಿದ್ದ. ತನ್ನ ಕಂಬಳಿಯನ್ನು ಅವನಿಗೆ ಕೊಟ್ಟಿದ್ದ. ಪ್ರಾರ್ಥನೆಯ ಹೊತ್ತಿನಲ್ಲಿ ಅವನನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ತಂದು ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಅವನು ಒಂಟಿಯಾಗಿ ಕಂಡಾಗಲೆಲ್ಲ ಹೋಗಿ ಮಾತನಾಡಿಸುತ್ತಿದ್ದ. ಹಿಂದಿನ ದಿನ ಆ ಹೊಸಬ ಕಂಬಳಿಯನ್ನು ಮಡಿಸಿ ಕೊಟ್ರೇಶನ ಚಾಪೆಯ ಮೇಲಿಟ್ಟು, ತನ್ನ ಹಾಸಿಗೆಯನ್ನು ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಸಾಗಿಸಿಕೊಂಡಿದ್ದ. ಇದನ್ನೆಲ್ಲ ಕೊಟ್ರೇಶ ಗುರುಗಳಿಗೆ ಹೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ತಾಲ್ಲೂಕು ಊರಿನಲ್ಲಿ ಜಮೀನು ಅಳೆಯುವ ಕಚೇರಿ ಇತ್ತು. ಅಲ್ಲಿ ಒಬ್ಬ ಹಿರಿಯ ಗುಮಾಸ್ತನಿದ್ದ. ಒಳ್ಳೆಯ ಮನುಷ್ಯ. ಅವನು ಬರುವ ಮೊದಲು ಮಧ್ಯಾಹ್ನದ ಊಟಕ್ಕೆ ಅಲ್ಲಿ ಒಬ್ಬೊಬ್ಬರದು ಒಂದೊಂದು ಮೂಲೆ. ಇಂಥ ಜಾತಿಯವರು ಇಲ್ಲಿ ಕೂರಬೇಕು, ಇಂಥವರು ಅಲ್ಲಿ ಕೂರಬೇಕು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೂ ಎಲ್ಲರಿಗೂ ತಮ್ಮ ಜಾಗ ಗೊತ್ತಿತ್ತು. ಕಸ ಗುಡಿಸಿ ನೀರು ತುಂಬಿಸುವ ಹೆಂಗಸು ಹಿತ್ತಲ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು. ಅವಳು ಊರ ಹೊರಗಿನ ಕೇರಿಯವಳು. ಹೆಸರು ದುರುಗಮ್ಮ.

ಗುಮಾಸ್ತ ಎರಡು ಹಳೆಯ ಮೇಜುಗಳನ್ನು ಜೋಡಿಸಿ ಕಚೇರಿಯ ನಡುಕೋಣೆಯಲ್ಲಿ ಹಾಕಿಸಿದ. ಇನ್ನು ಮೇಲೆ ಎಲ್ಲರೂ ಇಲ್ಲಿಯೇ ಉಣ್ಣೋಣ ಎಂದ. ಮೊದಲ ದಿನ ತಾನೇ ಹಿತ್ತಲಿಗೆ ಹೋಗಿ ದುರುಗಮ್ಮನನ್ನು ಕರೆತಂದು ತನ್ನ ಎದುರಿಗೆ ಕೂರಿಸಿದ. ತನ್ನ ಬುತ್ತಿಯ ಪಲ್ಯವನ್ನು ಅವಳಿಗೆ ಬಡಿಸಿ, ಅವಳ ರೊಟ್ಟಿಯಲ್ಲಿ ಒಂದು ತುಂಡು ಮುರಿದುಕೊಂಡು ತಿಂದ. ಕೆಲವರು ಮುಖ ಸಿಂಡರಿಸಿದರು. ಅವನು ಜಗಳ ಮಾಡಲಿಲ್ಲ, ದಿನವೂ ಕರೆದ. ಒಂದು ವರ್ಷದೊಳಗೆ ಅಧಿಕಾರಿಯೂ ಸೇರಿ ಎಲ್ಲರೂ ಆ ಮೇಜಿಗೆ ಬಂದರು. ಬರದೆ ಉಳಿದವನು ಒಬ್ಬನೇ, ನಕ್ಷೆ ಬರೆಯುವವನು.

ನಕ್ಷೆಗಾರನಿಗೆ ಒಳಗೆ ಒಂದು ಸಣ್ಣ ಕೋಣೆ ಇತ್ತು. ಊಟದ ಹೊತ್ತಿಗೆ ಅವನು ಬಾಗಿಲು ಹಾಕಿಕೊಳ್ಳುತ್ತಿದ್ದ. ಗುಮಾಸ್ತ ಕರೆದಾಗ ಬೇಡ ಎಂದ. ಕಾರಣ ಕೇಳಿದರೆ, ಒಬ್ಬನೇ ಉಣ್ಣುವುದು ರೂಢಿಯಾಗಿದೆ ಎಂದ. ಅಷ್ಟು ಹೇಳುವಾಗಲೂ ತಲೆ ಎತ್ತುತ್ತಿರಲಿಲ್ಲ, ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು. ಕಚೇರಿಯವರು ಅದನ್ನು ಗರ್ವ ಎಂದುಕೊಂಡರು.

ದುರುಗಮ್ಮ ಕೂರುವ ಮೇಜಿಗೆ ಬರಲು ಅವನಿಗೆ ಮನಸ್ಸಿಲ್ಲ ಎಂದು ಯಾರೋ ಒಬ್ಬರು ಹೇಳಿದರು. ಹೇಳಿದವರು ಯಾರು ಎಂದು ಆಮೇಲೆ ಯಾರಿಗೂ ನೆನಪಿರಲಿಲ್ಲ. ಮಾತು ಮಾತ್ರ ಉಳಿಯಿತು. ಅದು ದುರುಗಮ್ಮನ ಕಿವಿಗೂ ಬಿತ್ತು. ಅಂದಿನಿಂದ ಅವಳು ಅವನ ಕೋಣೆ ಗುಡಿಸಬೇಕಾದರೆ ಅವನು ಹೊರಗೆ ಹೋಗುವತನಕ ಕಾಯತೊಡಗಿದಳು. ಇದನ್ನು ಕಂಡು ಗುಮಾಸ್ತನ ಮನಸ್ಸು ಕುದಿಯಿತು. ತಾನು ಕಷ್ಟಪಟ್ಟು ಕಟ್ಟಿದ್ದನ್ನು ಒಬ್ಬ ಮನುಷ್ಯ ಬಾಗಿಲ ಹಿಂದೆ ಕೂತು ಕೆಡವುತ್ತಿದ್ದಾನೆ ಅನ್ನಿಸಿತು.

ಹನ್ನೊಂದು ವರ್ಷ ದಿನಗೂಲಿಯಾಗಿ ದುಡಿದ ಮೇಲೆ ದುರುಗಮ್ಮನ ಕೆಲಸ ಕಾಯಂ ಆಯಿತು. ಅದರ ಸಂತೋಷಕ್ಕೆ ಏನು ಮಾಡೋಣ ಎಂದು ಎಲ್ಲರೂ ಸೇರಿ ಅವಳನ್ನು ಕೇಳಿದರು. ಬಸ್ ನಿಲ್ದಾಣದ ಎದುರು ಆಗ ಒಂದು ಹೊಸ ಹೋಟೆಲು ತೆರೆದಿತ್ತು. ಪಾನಿಪೂರಿ, ಭೇಲ್‌ಪೂರಿ, ವಡಾಪಾವ್, ಹೀಗೆ ಬೀದಿಯಲ್ಲಿ ಗಾಡಿಯ ಮುಂದೆ ನಿಂತು ತಿನ್ನುವುದನ್ನೆಲ್ಲ ಅಲ್ಲಿ ಮೇಜಿಗೆ ತಂದುಕೊಡುತ್ತಿದ್ದರು. ಅದಕ್ಕೆ ಗಾಜಿನ ಬಾಗಿಲು. ದುರುಗಮ್ಮ ದಿನವೂ ಆ ಬಾಗಿಲ ಮುಂದೆ ನಡೆದು ಬರುತ್ತಿದ್ದಳು, ಒಳಗೆ ಹೋಗಿರಲಿಲ್ಲ. ಎಲ್ಲರ ಜೊತೆ ಅಲ್ಲಿ ಕೂತು ಪಾನಿಪೂರಿ ತಿನ್ನಬೇಕು ಎಂದು ಅವಳು ಹೇಳಿದಳು. ಬೇರೇನೂ ಬೇಡ ಎಂದಳು.

ಆ ಶನಿವಾರ ಸಂಜೆ ಕಚೇರಿ ಮುಗಿಯುವ ಹೊತ್ತಿಗೆ ಗುಮಾಸ್ತ ನಕ್ಷೆಗಾರನ ಕೋಣೆಗೆ ಹೋದ. ನಕ್ಷೆಗಾರ ಬರುವುದಿಲ್ಲ ಎಂದ. ಇವತ್ತೂ ಬರದಿದ್ದರೆ ಆ ಹೆಣ್ಣುಮಗಳು ಏನೆಂದುಕೊಳ್ಳಬೇಕು ಎಂದು ಗುಮಾಸ್ತ ಕೇಳಿದ. ನಕ್ಷೆಗಾರ, ಬಂದು ಜೊತೆಗೆ ಕೂರುತ್ತೇನೆ, ಚಹಾ ಕುಡಿಯುತ್ತೇನೆ, ತಿನ್ನು ಎಂದು ಮಾತ್ರ ಒತ್ತಾಯ ಮಾಡಬಾರದು ಎಂದು ಕೇಳಿಕೊಂಡ. ಗುಮಾಸ್ತ ಒಪ್ಪಿ, ಅವನ ಚೀಲವನ್ನು ತಾನೇ ಎತ್ತಿಕೊಂಡು ನಡೆದ.

ಹೋಟೆಲಿನಲ್ಲಿ ಒಂಬತ್ತು ಜನ ಒಂದು ಉದ್ದ ಮೇಜಿನ ಸುತ್ತ ಕೂತರು. ತಟ್ಟೆಗಳಲ್ಲಿ ಉಬ್ಬಿದ ಪೂರಿಗಳು ಬಂದವು. ಜೊತೆಗೆ ಆಲೂಗಡ್ಡೆ, ಬಟಾಣಿ, ಪುದೀನ ಹಾಕಿದ ಖಾರದ ನೀರು. ದುರುಗಮ್ಮ ಹೊಸ ಸೀರೆ ಉಟ್ಟಿದ್ದಳು. ಅವಳು ಎದ್ದು ನಿಂತು, ಮೊದಲ ಪೂರಿಯನ್ನು ಎಲ್ಲರಿಗೂ ತನ್ನ ಕೈಯಾರೆ ಕೊಡುತ್ತೇನೆ ಎಂದಳು. ಪೂರಿ ಒಡೆದು, ತುಂಬಿ, ನೀರಿನಲ್ಲಿ ಅದ್ದಿ ಅಧಿಕಾರಿಗೆ ಕೊಟ್ಟಳು. ಅವರು ತಿಂದರು. ಗುಮಾಸ್ತ ತಿಂದ. ಒಬ್ಬೊಬ್ಬರಾಗಿ ಎಲ್ಲರೂ ತಿಂದರು. ಕೊನೆಗೆ ಅವಳು ನಕ್ಷೆಗಾರನ ಮುಂದೆ ಬಂದಳು.

ಅವನು ಕೈ ಮುಗಿದು, “ಬೇಡಮ್ಮ” ಎಂದ.

ದುರುಗಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪೂರಿಯ ನೀರು ಅವಳ ಬೆರಳಿನಿಂದ ತೊಟ್ಟಿಕ್ಕುತ್ತಿತ್ತು. “ಸರ, ಕೈ ತೊಳ್ಕೊಂಡೇ ಬಂದೀನ್ರಿ” ಎಂದಳು.

ಮೇಜಿನ ಸುತ್ತ ಇದ್ದವರು ತಲೆ ತಗ್ಗಿಸಿದರು. ಗುಮಾಸ್ತನಿಂದ ಆ ಮಾತನ್ನು ತಾಳಿಕೊಳ್ಳಲು ಆಗಲಿಲ್ಲ. ಅವನು ಎದ್ದು ಬಂದು, ಅವಳ ಕೈಯಿಂದ ಪೂರಿ ತೆಗೆದುಕೊಂಡು, ಒಂದು ಕೈಯನ್ನು ನಕ್ಷೆಗಾರನ ಹೆಗಲ ಸುತ್ತ ಹಾಕಿ, ಮಗುವಿಗೆ ತಿನ್ನಿಸುವಂತೆ ಪೂರಿಯನ್ನು ಅವನ ಬಾಯಿಗೆ ಒತ್ತಿದ. ಪೂರಿ ಹಲ್ಲಿಗೆ ತಾಗಿ ಒಡೆಯಿತು. ನೀರು ಗಲ್ಲದ ಮೇಲೆ, ಅಂಗಿಯ ಮೇಲೆ ಸುರಿಯಿತು. ಹಲ್ಲು ಕಚ್ಚಿಕೊಂಡೇ ಕೂತಿದ್ದಾನೆ ನೋಡಿ ಎಂದು ಯಾರೋ ಅಂದರು. ಇನ್ನೊಬ್ಬರು ನಕ್ಕರು. ನಕ್ಷೆಗಾರ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಕೈತೊಳೆಯುವ ಜಾಗಕ್ಕೆ ಓಡಿದ.

ದುರುಗಮ್ಮ ಒಂದು ಲೋಟ ನೀರು ತೆಗೆದುಕೊಂಡು ಹಿಂದೆ ಹೋದಳು. ಅವನಿಗೆ ಬಾಯೆಲ್ಲ ಉರಿಯುತ್ತಿತ್ತು, ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. ಬಾಯಿ ಮುಕ್ಕಳಿಸಲು ಒದ್ದಾಡುತ್ತಿದ್ದ. ಬಾಯಿ ಪೂರ್ತಿ ತೆರೆಯಲಾಗದೆ ಲೋಟದ ನೀರು ತುಟಿಯಿಂದ ಹೊರಗೆ ಸುರಿಯುತ್ತಿತ್ತು. ದುರುಗಮ್ಮ ಅದನ್ನು ನೋಡಿ ನಿಂತುಬಿಟ್ಟಳು. ಅವಳ ಅಣ್ಣ ಲಾರಿ ಓಡಿಸುತ್ತಿದ್ದ. ವರ್ಷಗಟ್ಟಲೆ ಗುಟ್ಕಾ ಜಗಿದು ಅವನ ದವಡೆ ಹೀಗೆಯೇ ಬಿಗಿದುಕೊಂಡಿತ್ತು. ಅವಳು ಏನೂ ಕೇಳದೆ ಅಂಗೈಯಲ್ಲಿ ನೀರು ಹಿಡಿದು, ಸ್ವಲ್ಪ ಸ್ವಲ್ಪವಾಗಿ ಅವನ ತುಟಿಗೆ ಮುಟ್ಟಿಸಿದಳು. ಅವನು ಆ ಕೈಯಿಂದ ಕುಡಿದ.

ಅವಳು ಮೇಜಿಗೆ ಮರಳಿ ಬಂದು, ಅವರ ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ ಎಂದು ಹೇಳಿದಳು. ಹೇಳಿ ತನ್ನ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಯಾರೂ ತಟ್ಟೆ ಮುಟ್ಟಲಿಲ್ಲ. ನಕ್ಷೆಗಾರ ಹಿಂಬಾಗಿಲಿನಿಂದ ಹೊರಟುಹೋಗಿದ್ದ.

ಮರುದಿನ ಭಾನುವಾರ. ಗುಮಾಸ್ತ ಬೆಳಿಗ್ಗೆಯೇ ನಕ್ಷೆಗಾರನ ಮನೆಗೆ ಹೋದ. ಅವನ ಹೆಂಡತಿ ಬಾಗಿಲಲ್ಲೇ ಎಲ್ಲವನ್ನೂ ಹೇಳಿದಳು. ಗುಟ್ಕಾ ಬಿಟ್ಟು ನಾಲ್ಕು ವರ್ಷವಾಗಿತ್ತು, ಬಾಯಿ ಮಾತ್ರ ಮತ್ತೆ ಸಡಿಲವಾಗಲಿಲ್ಲ. ಡಾಕ್ಟರಿಗೆ ತೋರಿಸುತ್ತಲೇ ಇದ್ದರು. ಗಂಜಿ, ಕಿವುಚಿದ ಅನ್ನ, ಇಷ್ಟೇ ಊಟ. ಅದನ್ನು ಮುಗಿಸಲು ಒಂದು ಗಂಟೆ ಬೇಕು. ತುಟಿಯಿಂದ ಸುರಿಯುತ್ತದೆ, ಒರೆಸಿಕೊಳ್ಳುತ್ತಿರಬೇಕು. ಒಮ್ಮೆ ಚಿಕ್ಕ ಮಗಳು ಅಪ್ಪನಂತೆಯೇ ಉಂಡು ತೋರಿಸಿ ನಕ್ಕಿದ್ದಳಂತೆ. ಆ ದಿನದಿಂದ ಮನೆಯಲ್ಲಿಯೂ ಗೋಡೆಗೆ ಮುಖ ಮಾಡಿ ಕೂರುತ್ತಾರೆ ಎಂದಳು.

ಗುಮಾಸ್ತ ಒಳಗೆ ಹೋಗಿ ನಕ್ಷೆಗಾರನ ಎರಡೂ ಕೈ ಹಿಡಿದು ಅತ್ತ. ತಪ್ಪಾಯಿತು ಎಂದ. ನಕ್ಷೆಗಾರ ತಲೆಯಾಡಿಸಿದ, ಅವನ ಮುಖದಲ್ಲಿ ಕೋಪವಿರಲಿಲ್ಲ. ಗುಮಾಸ್ತನ ಎದೆ ಹಗುರಾಯಿತು. ಹಗುರಾದ ಕೂಡಲೇ ಮಾತು ಹರಿಯಿತು. ನಾಳೆಯಿಂದ ಕಚೇರಿಯಲ್ಲಿ ಎಲ್ಲರೂ ಗಂಜಿಯನ್ನೇ ತರುತ್ತೇವೆ, ಒಟ್ಟಿಗೇ ಕುಡಿಯೋಣ ಎಂದ. ಜಿಲ್ಲಾ ಆಸ್ಪತ್ರೆಯಲ್ಲಿ ತನಗೆ ಗುರುತಿನ ಡಾಕ್ಟರು ಇದ್ದಾರೆ, ಬುಧವಾರವೇ ಹೋಗೋಣ, ರಜೆ ತಾನು ಬರೆಸುತ್ತೇನೆ ಎಂದ. ತಪ್ಪು ತಿಳಿದಿದ್ದವರಿಗೆಲ್ಲ ತಾನೇ ಕೂರಿಸಿಕೊಂಡು ಹೇಳುತ್ತೇನೆ ಎಂದ.

ನಕ್ಷೆಗಾರ ಮೆಲ್ಲನೆ ತನ್ನ ಕೈಗಳನ್ನು ಬಿಡಿಸಿಕೊಂಡ.

“ಸರ್, ನಿನ್ನೆ ಬೇಡ ಅಂದೆ. ಇವತ್ತೂ ಬೇಡ ಅಂತಿದ್ದೀನಿ.”

ಗುಮಾಸ್ತ ಆ ಮನೆಯವರು ಕೊಟ್ಟ ಚಹಾ ಕುಡಿದು ಎದ್ದು ಬಂದ.

ಸೋಮವಾರ ನಕ್ಷೆಗಾರ ಕೆಲಸಕ್ಕೆ ಬಂದ. ಊಟದ ಹೊತ್ತಿಗೆ ದುರುಗಮ್ಮ ಅವನ ಕೋಣೆಗೆ ನೀರು ತಂದಿಟ್ಟು, ಹೊಸ್ತಿಲಲ್ಲಿ ನಿಂತು, ಬಾಗಿಲು ಹಾಕಲೋ ತೆರೆದಿಡಲೋ ಎಂದು ಕೇಳಿದಳು. ಅವನು ಹಾಕು ಎಂದ. ಅವಳು ಹಾಕಿದಳು. ಮಂಗಳವಾರವೂ ಕೇಳಿದಳು, ಹಾಕು ಎಂದ, ಹಾಕಿದಳು. ಅದೇ ದನಿಯಲ್ಲಿ ಕೇಳುತ್ತಿದ್ದಳು. ಅವನು ಹೇಳಿದ ಹಾಗೆ ಮಾಡಿ ಬಂದು ಮೇಜಿನಲ್ಲಿ ತನ್ನ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಅವಳ ಮುಖದಲ್ಲಿ ಬೇಸರವನ್ನೂ ಯಾರೂ ಕಾಣಲಿಲ್ಲ, ಆಸೆಯನ್ನೂ ಕಾಣಲಿಲ್ಲ. ಬೇಸಿಗೆ ಕಳೆಯಿತು, ದಸರಾ ಕಳೆಯಿತು.

ದೀಪಾವಳಿಯ ರಜೆ ಮುಗಿಸಿ ಬಂದ ದಿನ ಅವಳು ಎಂದಿನಂತೆ ಕೇಳಿದಾಗ ನಕ್ಷೆಗಾರ, ಇರಲಿ ಬಿಡು ಎಂದ. ದುರುಗಮ್ಮ ಹಾಗೆಯೇ ಬಿಟ್ಟು ಬಂದಳು.

ಮೇಜಿನಿಂದ ಅವನ ಬೆನ್ನು ಕಾಣುತ್ತಿತ್ತು. ಬಟ್ಟಲಿನ ಮೇಲೆ ಬಗ್ಗಿದ ತಲೆ ಕಾಣುತ್ತಿತ್ತು. ಗುಮಾಸ್ತನ ಕೈ ತನ್ನ ಬುತ್ತಿಯ ಡಬ್ಬಿಯನ್ನು ಹಿಡಿಯಿತು, ಅವನು ಅರ್ಧ ಎದ್ದ. ಈಗಲೇ ಹೋಗಿ ನಕ್ಷೆಗಾರನ ಪಕ್ಕದಲ್ಲಿ ಕೂರಬೇಕು ಅನ್ನಿಸಿತು. ಆಮೇಲೆ ಡಬ್ಬಿಯನ್ನು ಕೆಳಗಿಟ್ಟು, ಕುರ್ಚಿಯಲ್ಲಿ ಕೂತು, ತನ್ನ ಊಟವನ್ನು ತಾನು ಮುಗಿಸಿದ. ಇಷ್ಟು ಕಷ್ಟದ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ.

ನಕ್ಷೆಗಾರ ಆ ಮೇಜಿಗೆ ಬರಲೇ ಇಲ್ಲ. ನಿವೃತ್ತನಾಗುವವರೆಗೂ ಕೋಣೆಯಲ್ಲಿಯೇ ಉಂಡ. ಬಾಗಿಲು ತೆರೆದಿರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶ, ಹಾಗಾದರೆ ತಾನು ಆ ಹೊಸಬನಿಗೆ ಏನನ್ನೂ ಕೊಡಬಾರದೇ ಎಂದು ಕೇಳಿದ.

“ನೀನು ಕೊಟ್ಟದ್ದನ್ನೆಲ್ಲ ನನಗೆ ಹೇಳಿದೆ, ಅವನು ಕೇಳಿದ್ದೇನು ಎಂಬುದನ್ನು ಇನ್ನೂ ಹೇಳಲಿಲ್ಲ” ಎಂದರು ಗುರುಗಳು.