ಹೊಳೆ ದಾಟಿದ ಹೆಸರು

ಒಂದು ಹೊಳೆ, ಎರಡು ದಡ, ದಡಕ್ಕೊಂದು ದೇಶ. ಈ ದಡದಲ್ಲಿ ಚಿಕ್ಕತಾಯಮ್ಮ, ಅವಳ ಮಗ ಜವರ. ಮಗನೇನೋ ಬಂಗಾರ, ಬುದ್ಧಿ ಮಾತ್ರ ಕೇಳಬೇಡಿ! ತಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದು ಮಗನ ಮುಖವೂ ಮಬ್ಬು. ಕಣ್ಣಿನ ಆಸ್ಪತ್ರೆ ಇರೋದು ಆ ದಡದಲ್ಲಿ, ಅವಳ ಹೆಸರು, ವಯಸ್ಸು ಇರೋದು ಈ ದಡದ ಸರ್ಕಾರಿ ಕಂಪ್ಯೂಟರಿನಲ್ಲಿ. ಆ ದಡದ ಕಂಪ್ಯೂಟರಿಗೂ ಇದಕ್ಕೂ ಹನ್ನೆರಡು ವರ್ಷದಿಂದ ಮಾತಿಲ್ಲ ಕತೆಯಿಲ್ಲ, ಥೇಟ್ ಓರಗಿತ್ತಿಯರ ಹಾಗೆ.

"ಲೋ ಜವರ, ಈ ಚೀಟಿ ತಗೊಂಡು ಆ ದಡದ ಆಫೀಸಲ್ಲಿ ನನ್ನ ಹೆಸರು ಬರೆಸಿ ಬಾರೋ. ಮೊಬೈಲಿಗೆ ಓಟಿಪಿ ಬರುತ್ತಂತೆ, ಅದನ್ನ ಹೇಳು."

ಹೋದ. ಓಟಿಪಿ ಬಂತು. ಹಿಂದೆ ನಿಂತವನಿಗೆ ಹೇಳಿದ, ಕಾವಲುಗಾರನಿಗೆ ಹೇಳಿದ, ಹೊರಗೆ ಓಡಿ ಕಡಲೆಕಾಯಿ ಮಾರೋಳಿಗೂ ಹೇಳಿದ! ಗುಮಾಸ್ತರ ಹತ್ತಿರ ವಾಪಸ್ ಬರೋವಷ್ಟರಲ್ಲಿ ಅದರ ಅವಧಿ ಮುಗಿದಿತ್ತು.

ಮನೆಗೆ ಬಂದರೆ ತಾಯಿ ಉಗಿದಳು: "ಥೂ ಬೆಪ್ಪೇ! ಊರಿಗೆಲ್ಲ ಡಂಗುರ ಸಾರ್ತಾರೇನೋ? ಬಾಯಿ ಮುಚ್ಕೊಂಡಿರಬೇಕು!"

"ಹಂಗೇ ಆಗಲಿ ಕಣವ್ವ."

ಮಾರನೇ ದಿನ ಹೋದ. "ಏನಪ್ಪ ಬಂದಿದ್ದು?" ಬಾಯಿ ಮುಚ್ಚಿದ. "ತಾಯಿ ಹೆಸರೇನು?" ಎರಡು ಕೈಯಲ್ಲೂ ಮುಚ್ಚಿದ. ಪಾಪ, ಮಾತು ಬರಲ್ಲ ಅಂತ ಬಾಳೆಹಣ್ಣು ಕೊಟ್ಟು ಕಳಿಸಿದರು. ಅದನ್ನ ತಿನ್ನೋಕೂ ಬಾಯಿ ತೆಗೀಲಿಲ್ಲ, ಪುಣ್ಯಾತ್ಮ!

ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಸರ್ಕಾರದೋರು ಏನೇ ಕೇಳಲಿ, 'ಹೌದು ಸ್ವಾಮಿ' ಅನ್ನು!"

ಮತ್ತೆ ಹೋದ, ಚೀಟಿ ಕೊಟ್ಟ.

"ಚಿಕ್ಕತಾಯಮ್ಮನ ಮಗನಾ?"

"ಹೌದು ಸ್ವಾಮಿ."

"ವಿವರ ನಮಗೆ ಕೊಡೋಕೆ ಒಪ್ಪಿದ್ದಾರಾ?"

"ಹೌದು ಸ್ವಾಮಿ."

"ಅವರೇ ಯಾಕೆ ಬರಲಿಲ್ಲ? ತೀರಿಕೊಂಡ್ರಾ?"

"ಹೌದು ಸ್ವಾಮಿ!"

ಗುಮಾಸ್ತರು ಟಕ್ ಅಂತ ಗುಂಡಿ ಒತ್ತಿದರು. ಹನ್ನೆರಡು ವರ್ಷ ಮುಖ ತಿರುಗಿಸಿಕೊಂಡಿದ್ದ ಕಂಪ್ಯೂಟರುಗಳು ಆಗ ಮಾತಾಡಿದವು ನೋಡಿ! ಬದುಕಿದ್ದಾಗ ದಾಟದ ಹೆಸರು ಸತ್ತಳು ಅಂದ ತಕ್ಷಣ ಹೊಳೆ ದಾಟಿತು. ಎರಡೂ ಸರ್ಕಾರದ ಮುದ್ರೆ ಬಿದ್ದ ಮರಣಪತ್ರ ಜವರನ ಕೈಗೆ ಬಂತು.

"ಮುಂದಿನ ಕಾರ್ಯ ಚೆನ್ನಾಗಿ ಮಾಡಪ್ಪ."

"ಹೌದು ಸ್ವಾಮಿ," ಅಂತ ಗೋಳೋ ಅಂತ ಅತ್ತ.

ಬಾಗಿಲಲ್ಲೇ ಕಾಯ್ತಿದ್ದ ಚಿಕ್ಕತಾಯಮ್ಮ "ಕೆಲಸ ಆಯ್ತೇನೋ ಮಗ?" ಅಂತ ಆಸೆಯಿಂದ ಅವನ ತಲೆ ಸವರಿದಳು. ಕೈಗೆ ಒಂದು ಕೂದಲೂ ಸಿಗಲಿಲ್ಲ.

"ಅಯ್ಯಯ್ಯೋ, ತಲೆ ಬೋಳಿಸ್ಕೊಂಡಿದ್ದೀಯಲ್ಲೋ! ಯಾರು ಸತ್ತರೋ?"

"ನೀನೇ ಕಣವ್ವ!"

"ಇಲ್ಲೇ ನಿಂತಿದ್ದೀನಲ್ಲೋ ಮುಠ್ಠಾಳ!"

"ಎರಡೂ ಸರ್ಕಾರ ಒಂದೇ ಮಾತು ಹೇಳ್ತಾವೆ. ನೀನೊಬ್ಬಳು ಇಲ್ಲ ಅಂದ್ರೆ ಯಾರು ಕೇಳ್ತಾರವ್ವ? ನಡಿ ಒಳಗೆ, ಉದ್ದು ನೆನೆಹಾಕು. ತಿಥಿಗೆ ನಿನ್ನ ಕೈಯ ವಡೇನೇ ಅಂತ ಊರಿಗೆಲ್ಲ ಹೇಳಿ ಬಂದಿದ್ದೀನಿ!"