ಗೌಡರ ಮನೆಯ ಹುಂಜ

"ಗುರುಗಳೇ, ಹೊಸ ಊರಿನಲ್ಲಿ ಮಠ ಕಟ್ಟಲು ಹೊರಟಿದ್ದೇನೆ. ಮೊದಲು ಯಾರನ್ನು ಜೊತೆಗೆ ಕರೆದೊಯ್ಯಲಿ?" ಎಂದು ಶಿಷ್ಯ ಕೇಳಿದ.

"ಯಾರನ್ನು ನೋಡಿಟ್ಟಿದ್ದೀಯ?"

"ಪ್ರವಚನ ಹೇಳುವ ಮೂವರನ್ನು. ಅವರು ಬಾಯಿ ತೆರೆದರೆ ಬೀದಿಗೆ ಬೀದಿಯೇ ಬಂದು ಕೂರುತ್ತದೆ."

"ಹಾಗಾದರೆ ಒಂದು ಕೋಳಿ ಸಂಸಾರದ ಕತೆ ಕೇಳು" ಎಂದರು ಗುರುಗಳು. ಮಠದಲ್ಲಿ ಕೋಳಿಯ ಮಾತೇ ಎಂದು ಶಿಷ್ಯನ ಮುಖ ಹುಳ್ಳಗಾಯಿತು. ಗುರುಗಳು ಅದನ್ನು ಲೆಕ್ಕಕ್ಕೆ ಇಡಲಿಲ್ಲ.

ಒಬ್ಬ ರೈತ ಇದ್ದ. ಒಂದು ವರ್ಷ ಕೊಕ್ಕರೆ ರೋಗ ಬಂದು ಅವನ ಹಿತ್ತಿಲಲ್ಲಿ ಒಂದು ಕೋಳಿಯೂ ಉಳಿಯಲಿಲ್ಲ. ಮನೆಯ ಉಪ್ಪು, ಎಣ್ಣೆ, ಬಟ್ಟೆ ಎಲ್ಲ ನಡೆಯುತ್ತಿದ್ದದ್ದು ಹೆಂಡತಿ ಸಾಕಿದ ಕೋಳಿಗಳಿಂದ. ಗಂಡ ದುಡಿದು ಹಾಕುತ್ತಾನೆಂದು ಊರು ಅಂದುಕೊಂಡಿತ್ತು, ಆ ಮಾತು ಬೇರೆ. ಈಗ ಉಳಿದದ್ದು ಹಾಲು ಕೊಡುವ ಒಂದೇ ಒಂದು ಮೇಕೆ. ಅದನ್ನು ಕೊಟ್ಟು ಒಳ್ಳೆಯ ತಳಿಯ ಕೋಳಿ ತರಬೇಕು, ಅವುಗಳಿಂದ ಹಿತ್ತಿಲು ಮತ್ತೆ ತುಂಬಬೇಕು. ಆರಿಸುವಾಗ ಎಡವಿದರೆ ಹಾಲೂ ಹೋಯಿತು, ಮೊಟ್ಟೆಯೂ ಹೋಯಿತು.

ಪಕ್ಕದೂರಿನ ಗೌಡರ ಮನೆಯ ಕೋಳಿಗಳು ಆ ಸೀಮೆಗೇ ಹೆಸರುವಾಸಿ. ಗಟ್ಟಿ ಮೂಳೆ, ರೋಗಕ್ಕೆ ಬಗ್ಗದ ಜೀವ. ಕಾವಿಗೆ ಇಟ್ಟ ಮೊಟ್ಟೆ ಒಂದೂ ಹಾಳಾಗದು. ಇದೆಲ್ಲ ಗೌಡರ ಹುಂಜದ ಮಹಿಮೆ ಎಂದು ಜನ ಹೇಳುತ್ತಿದ್ದರು. ಹುಂಜವೂ ಹಾಗೇ ಇತ್ತು. ಬಂಗಾರದ ಬಣ್ಣದ ಕುತ್ತಿಗೆ, ದಾಸವಾಳದಂಥ ಜುಟ್ಟು. ಅದು ಕೂಗಿದರೆ ಮೂರು ಕೇರಿಗೆ ಬೆಳಗಾಗುತ್ತಿತ್ತು.

ರೈತ ಹೊರಡುವಾಗ ಹೆಂಡತಿ ಹೇಳಿದಳು: "ಜುಟ್ಟು ನೋಡಿ ಮರುಳಾಗಬೇಡ. ಗೌಡ್ರ ಗೋಡೆಯಾಚೆ ಮನೆಯವರನ್ನ ಒಂದು ಮಾತು ಕೇಳು."

"ನಾನು ಕೋಳಿ ತರೋಕೆ ಹೋಗ್ತಿದ್ದೀನೋ, ಹೆಣ್ಣು ನೋಡೋಕೆ ಹೋಗ್ತಿದ್ದೀನೋ?"

"ಹೆಣ್ಣು ನೋಡೋಕೆ ಬಂದಾಗ ನಿಮ್ಮಪ್ಪ ನಾಕು ಮನೆ ಕೇಳಿದ್ದ. ನಮ್ಮಪ್ಪ ಯಾರನ್ನೂ ಕೇಳಲಿಲ್ಲ. ಅದಕ್ಕೇ ಇಲ್ಲಿ ಬಿದ್ದಿದ್ದೀನಿ."

ಗೌಡರ ಅಂಗಳದಲ್ಲಿ ಮರಿಗಳು ಮೇಯುತ್ತಿದ್ದವು. ದಷ್ಟಪುಷ್ಟ ಮರಿಗಳೇ, ಆದರೆ ಒಂದಕ್ಕೂ ಕುತ್ತಿಗೆಯಲ್ಲಿ ಪುಕ್ಕವಿಲ್ಲ. ಬರೀ ಕೆಂಪು ಚರ್ಮ. ರೈತ ಒಮ್ಮೆ ಹುಂಜದ ಬಂಗಾರದ ಕುತ್ತಿಗೆ ನೋಡಿದ, ಒಮ್ಮೆ ಮರಿಗಳ ಬೋಳು ಕುತ್ತಿಗೆ ನೋಡಿದ.

"ಸೆಕೆಗೆ ಉದುರಿದೆ" ಎಂದರು ಗೌಡರು.

ಗೌಡರೇ ಹೇಳಿದ ಮೇಲೆ ಉದುರಿರಲೇಬೇಕು. ದೊಡ್ಡ ಮನೆಯ ಅಂಗಳದಲ್ಲಿ ತಂದೆಯನ್ನು ಹೋಲದ ಮಕ್ಕಳನ್ನು ಕಂಡರೆ ಯಾರೂ ಬಾಯಿ ಬಿಡುವುದಿಲ್ಲ. ಕೋಳಿಯ ಮಕ್ಕಳಾದರೂ ಅಷ್ಟೆ, ಬೇರೆ ಮಕ್ಕಳಾದರೂ ಅಷ್ಟೆ. ಗೋಡೆಯಾಚೆಯಿಂದ ಒಬ್ಬ ಮುದುಕಿ ಬೇಕೆಂದೇ ಕೆಮ್ಮಿದಳು. ಗೌಡರ ಎದುರಿಗೆ ನಿಂತು ಬಡವರ ಹಿತ್ತಿಲ ಕಡೆ ಕತ್ತು ತಿರುಗಿಸುವುದು ಮರ್ಯಾದೆಯಲ್ಲವೆಂದು ರೈತ ತಿರುಗಲಿಲ್ಲ. ಮೇಕೆಯ ಹಗ್ಗವನ್ನು ಗೌಡರ ಆಳಿನ ಕೈಗೆ ಕೊಟ್ಟು, ಹುಂಜವನ್ನೂ ಎರಡು ಹೆಣ್ಣು ಕೋಳಿಗಳನ್ನೂ ಮಂಕರಿಯಲ್ಲಿ ಹೊತ್ತು ತಂದ.

ಬಂದ ಹೊಸದರಲ್ಲಿ ಕೋಳಿಗಳು ಇಟ್ಟ ಮೊಟ್ಟೆಗಳು ಒಂದೂ ಬಿಡದೆ ಮರಿಯಾದವು. ಕಲ್ಲಿನಂಥ ಮರಿಗಳು, ಎಲ್ಲವೂ ಬೋಳು ಕುತ್ತಿಗೆಯವು. ಊರವರು ಬೇಲಿಯ ಮೇಲೆ ಇಣುಕಿ ಕಿಸಕ್ಕನೆ ನಕ್ಕರು. ರೈತನಿಗೆ ತಲೆ ಎತ್ತಲಾಗಲಿಲ್ಲ. ಸ್ವಲ್ಪ ಬಲಿಯುತ್ತಲೇ ಎಲ್ಲವನ್ನೂ ಸಂತೆಗೆ ಸಾಗಿಸಿದ. ಒಂದು ಗಂಡು ಮರಿಯನ್ನಾದರೂ ಉಳಿಸು ಎಂದು ಹೆಂಡತಿ ಹೇಳಿದಳು. ಮನೆಯಲ್ಲಿ ಬಂಗಾರ ಇರುವಾಗ ಈ ರಣಹದ್ದು ಯಾಕೆ ಎಂದು ಅವನು ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅದಾದ ಮೇಲೆ ಇಟ್ಟ ಮೊಟ್ಟೆಗಳು ಮರಿಯಾಗಲಿಲ್ಲ. ಕಾವಿಗೆ ಕೂತ ಕೋಳಿ ಕೂತೇ ಸೊರಗಿತು. ಒಡೆದು ನೋಡಿದರೆ ಎಲ್ಲ ಗೊಡ್ಡು. ಇನ್ನೊಂದು ಕೋಳಿಯವೂ ಹಾಗೇ. ಆಗ ರೈತ ಹುಂಜವನ್ನು ನೆಟ್ಟ ಕಣ್ಣಿನಿಂದ ನೋಡಿದ. ದೊಡ್ಡ ಮನೆಯ ಅನ್ನ ತಿಂದು ಕೊಬ್ಬಿದ ಮೈ. ಕೋಳಿಯ ಬೆನ್ನೇರಲು ಹೋಗಿ ಜಾರಿ ಬೀಳುತ್ತಿತ್ತು. ಬಿದ್ದದ್ದು ಎದ್ದು, ಮೈ ಕೊಡವಿ, ಎಲ್ಲ ಮುಗಿಸಿದ ಗಂಡಸಿನಂತೆ ಎದೆಯೆತ್ತಿ ಕೂಗುತ್ತಿತ್ತು.

ಹೆಂಡತಿ ಗೊಡ್ಡು ಮೊಟ್ಟೆಗಳನ್ನು ತಿಪ್ಪೆಗೆ ಸುರಿದು ಬಂದು ಕೈ ತೊಳೆದಳು. "ಹಾಲು ಕರೆಯೋ ಹೊತ್ತಾಯ್ತು. ಹೋಗಿ ಹುಂಜನ್ನ ಹಿಡ್ಕೊಂಡು ಬಾ" ಎಂದಳು.

ರೈತ ಅದೇ ಕಾಲಲ್ಲಿ ಪಕ್ಕದೂರಿಗೆ ಓಡಿದ. ಈ ಸಲ ಗೌಡರ ಬಾಗಿಲಿಗೆ ಹೋಗದೆ ಗೋಡೆಯಾಚೆ ಹೋದ.

"ಅವತ್ತು ಅಷ್ಟು ಕೆಮ್ಮಿದೆ, ನಿನಗೆ ಕಿವಿ ಇರಲಿಲ್ಲ" ಎಂದಳು ಮುದುಕಿ. "ಗೌಡ್ರ ಹುಂಜ ಗೋಡೆ ಮೇಲೆ ನಿಂತು ಕೂಗೋದು. ಮಿಕ್ಕ ಕೆಲಸಕ್ಕೆ ನಮ್ಮ ಒಕ್ಕಣ್ಣ ಬೋಳು ಹುಂಜ ಗೋಡೆ ಹಾರಿ ಹೋಗೋದು. ನೀ ಒಯ್ದ ಕೋಳಿಗಳೂ ಹೋಗೋವಾಗ್ಲೇ ಅದರ ಬೀಜ ಹೊತ್ತಿದ್ದವು. ಊರಿಗೆಲ್ಲ ಗೊತ್ತು. ಹೇಳೋರು ಯಾರು?"

"ಅವ್ವಾ, ಆ ಹುಂಜಾನೇ ಕೊಡು. ನಿನ್ನ ಹೊಲದಲ್ಲಿ ದುಡಿದು ತೀರಿಸ್ತೀನಿ."

"ಎಲ್ಲಿಂದ ಕೊಡಲಪ್ಪ? ನಿನ್ನ ಮೇಕೆ ಬಂದ ಖುಷೀಲಿ ಗೌಡ್ರು ನೆಂಟರನ್ನ ಕರೆದರು. ಈ ದರಿದ್ರ ಹುಂಜ ನಮ್ಮ ಅಂಗಳ ಕೆಡಿಸುತ್ತೆ ಅಂತ ಹಿಡಿಸಿ ಸಾರು ಮಾಡಿಸಿದರು. ಈಗ ಅಂಥದ್ದೇ ಕೊಬ್ಬಿದ ಹುಂಜ ಇನ್ನೊಂದು ತಂದವ್ರೆ, ಅವರ ಮನೇಲೂ ಒಂದು ಮೊಟ್ಟೆ ಮರಿಯಾಗ್ತಿಲ್ಲ. ಕಣಿ ಕೇಳೋಕೆ ಹೋಗವ್ರೆ."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಎದ್ದು ಕೈಮುಗಿದ. "ಕಣ್ಣು ತೆರೆಯಿತು, ಗುರುಗಳೇ. ಆ ಮೂವರು ಮಾತಿನಮಲ್ಲರು ನನಗೆ ಬೇಡ. ನೀವೇ ಬಂದು ನಾಲ್ಕು ದಿನ ಇದ್ದು ಮಠಕ್ಕೆ ಬೀಜ ಹಾಕಿಕೊಡಿ. ಇಲ್ಲಿ ನಾವೆಲ್ಲ ಮನುಷ್ಯರಾದದ್ದು ನಿಮ್ಮಿಂದಲೇ ಅಲ್ಲವೇ?"

ಗುರುಗಳು ಹೇಳಿದರು: "ಕಂದಾ, ಈ ಅಂಗಳದಲ್ಲಿ ಕೂಗುವವನು ನಾನು."

ಶಿಷ್ಯ ಮುಗಿದ ಕೈ ಇಳಿಸದೆಯೇ ಮಠದ ಗೋಡೆಯಾಚೆಗೆ ಕತ್ತು ತಿರುಗಿಸಿದ.